ಕಲ್ಲು ತವರಿಗೆ ಹೋದ ದಿನ

ನನ್ನ ಜಾಗಕ್ಕೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಫೋನ್ ಮಾಡಿ, ಮ್ಯೂಸಿಯಂನಲ್ಲಿ ಕಾರ್ಯಕ್ರಮ ನೋಡಿಕೊಳ್ಳುವವಳು ಅಂದರೆ ನಿಜವಾಗಿ ಏನು ಕೆಲಸ ಎಂದು ಕೇಳಿದಳು. ಕುರ್ಚಿ ಹಾಕಿಸುವುದು ಎಂದೆ. ನಕ್ಕಳು. ನಾನು ತಮಾಷೆ ಮಾಡಲಿಲ್ಲ ಎಂದು ಅವಳಿಗೆ ತಿಳಿಯಲು ಒಂದೆರಡು ವರ್ಷ ಬೇಕು. ಎಲ್ಲಿ ಕುರ್ಚಿ, ಯಾರ ಪಕ್ಕ ಯಾರು, ಫ್ಯಾನಿನ ಕೆಳಗೆ ಮುದುಕರು ಕೂತಿದ್ದಾರೋ ಇಲ್ಲಾ ಕಾರ್ಪೊರೇಟರ ಕಡೆಯ ಹುಡುಗರು ಕೂತಿದ್ದಾರೋ, ಇಷ್ಟು ಸರಿಯಾದರೆ ಅರ್ಧ ಇತಿಹಾಸ ಸರಿಯಾದಂತೆ. ಹುಡುಗಿ ಮಂಗಳೂರು ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಡೊಂಬಿವಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಆದರೂ ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಓದಲು ಬಾರದಿದ್ದರೆ ಅವಳಮ್ಮ ಓದಿ ಹೇಳಲಿ, ಇಬ್ಬರಿಗೂ ಒಳ್ಳೆಯದು.

ನಾನು ಧಾರವಾಡದವಳು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದೆ, ಪಕ್ಕದ ಕಲ್ಯಾಣದ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಕುಲಕರ್ಣಿ ಎಂಬ ಹೆಸರು ನೋಡಿ ಎಲ್ಲರೂ ನನ್ನನ್ನು ಮರಾಠಿಯವಳೆಂದೇ ತಿಳಿದರು, ನಾನೂ ತಿದ್ದಲು ಹೋಗಲಿಲ್ಲ. ನೇಮಕ ಆದಾಗ ನನ್ನ ಹುದ್ದೆಯ ಹೆಸರು "ಜನಸಂಪರ್ಕ ಮತ್ತು ಇತರೆ" ಎಂದಿತ್ತು. ಜನಸಂಪರ್ಕವನ್ನು ಸಾಹೇಬರೇ ಮಾಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಇತರೆ. ನಿವೃತ್ತಿಯ ತನಕ ನಾನು ಆ ಇತರೆಯಲ್ಲೇ ಬಾಳಿದೆ, ಸುಖವಾಗಿಯೇ ಬಾಳಿದೆ.

ಮ್ಯೂಸಿಯಂ ಇದ್ದದ್ದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯ ಹಳೆಯ ವಖಾರದಲ್ಲಿ. ಹಿಂದೆ ಅಲ್ಲಿ ಹಡಗಿನಿಂದ ಇಳಿದ ಉಪ್ಪು, ಅಕ್ಕಿ ತುಂಬಿಡುತ್ತಿದ್ದರಂತೆ. ಮಧ್ಯಾಹ್ನ ಊಟದ ಮೇಲೆ ಯಾರೂ ಬರುತ್ತಿರಲಿಲ್ಲ. ಎತ್ತರದ ಕಿಂಡಿಗಳಿಂದ ಬಿಸಿಲು ಓರೆಯಾಗಿ ಇಳಿದು ಮೊದಲು ತಾಮ್ರದ ಹಂಡೆಯ ಮೇಲೆ, ಆಮೇಲೆ ದೋಣಿಯ ಹುಟ್ಟಿನ ಮೇಲೆ, ಕೊನೆಗೆ ಮೂಲೆಯ ಕಲ್ಲುಗಳ ಮೇಲೆ ಬೀಳುತ್ತಿತ್ತು. ದೂರದಿಂದ ಸ್ಟೇಷನ್ನಿನ ಅನೌನ್ಸ್‌ಮೆಂಟು ತೇಲಿ ಬರುತ್ತಿತ್ತು, ಯಾವ ಗಾಡಿ ಎಲ್ಲಿಗೆ ಎಂದು ಮಾತ್ರ ಕೇಳಿಸುತ್ತಿರಲಿಲ್ಲ. ಖಾಡಿಯಲ್ಲಿ ಭರತ ಏರುವ ಹೊತ್ತಿಗೆ ನೆಲ ಸ್ವಲ್ಪ ತಂಪಾಗುತ್ತಿತ್ತು. ಆಗ ನಾನು ಅರೆಗಣ್ಣು ಮುಚ್ಚಿ ಕೂತರೆ, ಆ ವಸ್ತುಗಳೆಲ್ಲ ಮನೆಯವರು ಹೊರಗೆ ಹೋದ ಮೇಲೆ ಉಳಿದ ಅತಿಥಿಗಳ ಹಾಗೆ ನನ್ನ ಜೊತೆ ಸುಮ್ಮನೆ ಕೂತಿವೆ ಅನಿಸುತ್ತಿತ್ತು. ಹೊಸಬರೇ, ದಿನಕ್ಕೆ ಒಂದಿಷ್ಟು ಹೊತ್ತು ಹೀಗೆ ಕೂರಿ. ಸಂಬಳಕ್ಕೆ ಮೋಸವಲ್ಲ, ಇದೂ ಕೆಲಸವೇ.

ಮೊದಲ ವರ್ಷಗಳಲ್ಲಿ ನಾನು ಮಾಡಿದ ಎಡವಟ್ಟುಗಳಲ್ಲಿ ಛತ್ರಿಯದು ದೊಡ್ಡದು. ಹಳೆಯ ಕಲ್ಯಾಣದ ಗಲ್ಲಿಗಳಲ್ಲಿ ಜನರನ್ನು ಸುತ್ತಾಡಿಸಿ ಕಥೆ ಹೇಳುವ ಕಾರ್ಯಕ್ರಮ ಇಟ್ಟಿದ್ದೆ. ಗದ್ದಲದಲ್ಲಿ ಗುರುತು ಸಿಗಲಿ ಎಂದು ಕೆಂಪು ಛತ್ರಿ ಹಿಡಿದೆ, ಅದರ ಹಿಂದೆಯೇ ಬನ್ನಿ ಎಂದೆ. ಮಾರ್ಕೆಟಿನ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅರ್ಧ ಜನ ಮಾಯ. ಮಳೆಗಾಲ ನೋಡಿ, ಕಲ್ಯಾಣದಲ್ಲಿ ಕೆಂಪು ಛತ್ರಿ ನನ್ನೊಬ್ಬಳದೇ ಅಲ್ಲ. ಅವರೆಲ್ಲ ತರಕಾರಿಗೆ ಹೊರಟಿದ್ದ ಯಾರೋ ಅಜ್ಜಿಯ ಹಿಂದೆ ಹೋಗಿದ್ದರು. ಆ ಅಜ್ಜಿಗೆ ಮೊದಲು ದಿಗಿಲಾಯಿತಂತೆ, ಆಮೇಲೆ ವಿಷಯ ತಿಳಿದು ತಾನು ಹುಟ್ಟಿದ ವಾಡೆ, ತನ್ನ ಗಂಡ ಜಾರಿಬಿದ್ದ ಮೆಟ್ಟಿಲು, ಹಳೆಯ ಬಾವಿ ಎಲ್ಲ ತೋರಿಸಿ, ಕೊನೆಗೆ ಮನೆಗೆ ಕರೆದು ಚಹಾ ಕೊಟ್ಟು ಕಳಿಸಿದಳು. ನನ್ನ ಜೊತೆ ಬಂದವರು ಅಭಿಪ್ರಾಯ ಪುಸ್ತಕದಲ್ಲಿ ಕಾಲುನೋವು ಎಂದು ಬರೆದು ಹೋದರು, ಅಜ್ಜಿಯ ಜೊತೆ ಹೋದವರು ಮುಂದಿನ ಸಲವೂ ಆ ಮೇಡಂನೇ ಬೇಕು ಎಂದರು. ನನಗೆ ಸಿಟ್ಟು ಬಂತು, ಹೊಟ್ಟೆಕಿಚ್ಚೂ ಆಯಿತು. ಮುಂದಿನ ಸಲ ಅದೇ ಅಜ್ಜಿಯನ್ನು ಹುಡುಕಿಕೊಂಡು ಹೋದೆ.

ಆಮೇಲೆ "ಮನೆಯಿಂದ ಒಂದು ವಸ್ತು" ಎಂಬ ಕಾರ್ಯಕ್ರಮ ಶುರು ಮಾಡಿದೆ. ಯಾರು ಬೇಕಾದರೂ ಒಂದು ವಸ್ತು ತರಬಹುದು, ಅದರ ಬಗ್ಗೆ ಒಂದೆರಡು ಮಾತು ಹೇಳಬಹುದು. ನವೀ ಮುಂಬಯಿಯಲ್ಲಿರುವ ಬೆಂಗಳೂರಿನವರು ಕಾಫಿ ಫಿಲ್ಟರು ತಂದರು, ಬ್ಯಾಂಕಿನಲ್ಲಿದ್ದ ಮೈಸೂರಿನ ಹೆಂಗಸೊಬ್ಬಳು ಅತ್ತೆಯ ಬೊಂಬೆ ತಂದಳು. ಕಳಂಬೋಲಿಯ ಕಬ್ಬಿಣದ ಬಜಾರಿನಿಂದ ಭೀಮಶಾ ಎಂಬ ಹಮಾಲರ ತಂಡದ ಮುಕಾದಮ ಬಂದ. ಕಲಬುರಗಿ ಕಡೆಯವನು, ಎದೆ ಅಗಲ, ದನಿ ಮೆತ್ತಗೆ. ಅವನು ತಂದದ್ದು ಒಂದು ಸಿಂಬಿ, ತಲೆಯ ಮೇಲೆ ಭಾರ ಹೊರುವಾಗ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. "ನಮ್ಮವ್ವನ ಸೀರಿದರೀ ಇದು. ಇದರ ಮ್ಯಾಲ ಎಷ್ಟ ಭಾರ ಇಟ್ಟರೂ ಕುತ್ತಿಗಿ ನೋಯಾಂಗಿಲ್ಲ" ಎಂದಷ್ಟೇ ಹೇಳಿ ಕೂತ. ನಾನು ಕನ್ನಡದಲ್ಲಿ ಯಾವೂರಪಾ ಎಂದು ಕೇಳಿದೆ. ಅವತ್ತಿನಿಂದ ನಾನು ಅವನಿಗೆ ಅಕ್ಕಾರು ಆದೆ.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಹೊಸ ಹುಡುಗಿಗೆ ಮುಖ್ಯವಾಗಿ ಗೊತ್ತಿರಬೇಕಾದದ್ದು ಇದೇ.

ನವೀ ಮುಂಬಯಿಯ ಅಂಚಿನ ಕಾಮೋಠೆ ಆಗಿನ್ನೂ ಅರ್ಧ ಊರು, ಅರ್ಧ ಸೈಟು. ಗದ್ದೆಗಳ ಮೇಲೆ ಮಣ್ಣು ಸುರಿದು ಕಟ್ಟಡ ಎಬ್ಬಿಸುತ್ತಿದ್ದರು. ಹಳೆಯ ಹಳ್ಳಿಯ ಅಂಚಿನಲ್ಲಿ, ಒಂದು ಕಟ್ಟೆಯ ಮೇಲೆ, ಮೊಣಕಾಲೆತ್ತರದ ಕಲ್ಲೊಂದಿತ್ತು. ಅದರ ಮೇಲೆ ಕೊಡ ಹೊತ್ತ ಹೆಂಗಸಿನ ಕೆತ್ತನೆ, ತಲೆಯ ಮೇಲುಗಡೆ ಸೂರ್ಯ ಚಂದ್ರ. ಯಾರು ನಿಲ್ಲಿಸಿದ್ದು, ಯಾರ ನೆನಪಿಗೆ, ಯಾರಿಗೂ ತಿಳಿಯದು. ಹಳ್ಳಿಯ ಹೆಂಗಸರು ಅದನ್ನು ಪೋರಿ ಎನ್ನುತ್ತಿದ್ದರು, ಅಂದರೆ ಹುಡುಗಿ. ಕಟ್ಟೆಯ ಜಾಗದಲ್ಲಿ ಕಟ್ಟಡ ಬರುವುದು ಖಾತ್ರಿಯಾದಾಗ, ಕಲ್ಲು ಪಾಯದ ಕೆಳಗೆ ಹೋಗದಿರಲಿ ಎಂದು ಊರವರು ಅದನ್ನು ಮ್ಯೂಸಿಯಂಗೆ ಕೊಡಲು ಒಪ್ಪಿದರು. ತರಲು ನಾನೇ ಹೋದೆ.

ನಾನು ಅಂದುಕೊಂಡಿದ್ದು ಒಂದು ಸಹಿ, ಒಂದು ಹಾರ, ಒಂದು ಫೋಟೋ. ಅಲ್ಲಿ ನೋಡಿದರೆ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ನೆರೆದಿದ್ದಾರೆ. ಅವರಲ್ಲಿ ಹಿರಿಯಳು ಹೌಸಾಬಾಯಿ. ತೆಳ್ಳಗಿನ ಕಪ್ಪು ಹೆಂಗಸು, ಗದ್ದೆ, ಉಪ್ಪಿನ ಮಡಿ ಮಾಡುವ ಆಗ್ರಿ ಜನರ ಕಚ್ಚೆ ಸೀರೆ, ಮೂಗಿನಲ್ಲಿ ದೊಡ್ಡ ನತ್ತು. ಅವಳು ಕಲ್ಲಿಗೆ ಹಸಿರು ಸೀರೆ ಸುತ್ತಿ, ತೆಂಗಿನಕಾಯಿ, ಅಕ್ಕಿ, ಬಳೆ ಇಟ್ಟು ಉಡಿ ತುಂಬಿದಳು. ಆಮೇಲೆ ಕಲ್ಲಿನ ಕಿವಿಯ ಹತ್ತಿರ ಬಾಗಿ ಏನೋ ಹೇಳಿ, ಎದ್ದು ನಿಂತು ನನ್ನ ಕೈ ಹಿಡಿದಳು. ಅವಳು ಮಾತಾಡಿದ್ದು ಆಗ್ರಿ ಮರಾಠಿ. ನನ್ನ ಕಿವಿಗೆ ಅದು ಯಾವಾಗಲೂ ನಮ್ಮ ಧಾರವಾಡದ ಮಾತಾಗಿಯೇ ಬೀಳುತ್ತಿತ್ತು, ಹಾಗೆಯೇ ಬರೆಯುತ್ತೇನೆ.

"ನಿಮ್ಮ ಮನಿಗೆ ಕೊಟ್ಟೀವಿ, ಚಂದಾಗಿ ನೋಡ್ಕೋರಿ. ವರ್ಷಾ ಗೌರಿ ಹಬ್ಬಕ್ಕ ಒಂದ ದಿನ ತವರಿಗೆ ಕಳಸ್ರಿ. ಅಕಿಗೆ ಮಾತ ಕೊಟ್ಟೀನಿ ನಾನು."

ನಾನು ಆಗಲಿ ಆಗಲಿ ಎಂದೆ. ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ, ಹೆಂಗಸರು ಅಳುತ್ತಿದ್ದರು, ಆ ಗಡಿಬಿಡಿಯಲ್ಲಿ ಯಾರಾದರೂ ಅದನ್ನೇ ಹೇಳುತ್ತಿದ್ದರು. ಮದುವೆ ಮನೆಯ ಮಾತು ಎಂದು ನಾನು ಮರೆತೇಬಿಟ್ಟೆ.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ವಾರವಿದೆ ಎನ್ನುವಾಗ ಹೌಸಾಬಾಯಿ ಮ್ಯೂಸಿಯಂಗೆ ಬಂದಳು. ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು. ನೇರ ನನ್ನ ಮೇಜಿನ ಎದುರು ಕೂತು, "ವಿಹೀಣಬಾಯಿ, ಹುಡಿಗಿನ್ನ ಯಾವಾಗ ಕಳಸ್ತೀರಿ?" ಎಂದಳು. ಮರಾಠಿಯಲ್ಲಿ ಬೀಗತಿಗೆ ವಿಹೀಣ ಎನ್ನುತ್ತಾರೆ. ನನಗೆ ರೇಗಿತು. ನಾನು ಕಚೇರಿಯಲ್ಲಿ ಕೂತು ನೌಕರಿ ಮಾಡುವವಳು, ಎಂ.ಎ. ಮಾಡಿದವಳು, ಒಂದು ಕಲ್ಲಿನ ಅತ್ತೆಯಾಗಲು ಧಾರವಾಡದಿಂದ ಬಂದವಳಲ್ಲ. ಹೆಸರು ಹಿಡಿದು ಕರೆಯಿರಿ ಎಂದೆ. ಅವಳು ಮುಗುಳ್ನಕ್ಕು, "ಬೀಗತಿ ಹೆಸರ ಹಿಡಿದ ಕರೀತಾರೇನ್ರಿ?" ಎಂದಳು.

ಅವಳನ್ನು ಕರೆದುಕೊಂಡು ಗುಪ್ತೆ ಸಾಹೇಬರ ಕೋಣೆಗೆ ಹೋದೆ. ಗುಪ್ತೆ ನಮ್ಮ ನಿರ್ದೇಶಕರು. ಇಸ್ತ್ರಿ ಮುರಿಯದ ಅಂಗಿ, ಒಳ್ಳೆಯ ಮನುಷ್ಯ, ಆದರೆ ನಿಯಮ ಅಂದರೆ ಅವರಿಗೆ ದೇವರ ಪಕ್ಕದ ದೇವರು. ಸಂಗ್ರಹಕ್ಕೆ ಸೇರಿದ ವಸ್ತು ಗೋಡೆ ದಾಟುವಂತಿಲ್ಲ, ಬೇಕಾದರೆ ಹೆಂಗಸರೇ ಇಲ್ಲಿಗೆ ಬಂದು ನೋಡಲಿ, ಟಿಕೆಟು ಕೇಳುವುದಿಲ್ಲ ಎಂದರು. ಹೌಸಾಬಾಯಿ ಕೇಳಿಸಿಕೊಂಡಳು. ಮೂಲೆಗೆ ಹೋಗಿ ಪೋರಿಯ ಪಕ್ಕ ನೆಲದ ಮೇಲೆ ಕೂತು, ಮಧ್ಯಾಹ್ನವೆಲ್ಲ ಅದರ ಜೊತೆ ಮೆಲ್ಲಗೆ ಮಾತಾಡಿ ಎದ್ದು ಹೋದಳು. ಬಿಸಿಲು ಹಂಡೆಯಿಂದ ಹುಟ್ಟಿಗೆ, ಹುಟ್ಟಿನಿಂದ ಕಲ್ಲಿಗೆ ಬಂದಾಗ ಅವಳ ಮುಖದ ಮೇಲೂ ಬಿತ್ತು. ಏನು ಮಾತಾಡಿದಳೋ ನನಗೆ ಕೇಳಿಸಲಿಲ್ಲ.

ಹೀಗೆ ವರ್ಷವರ್ಷವೂ ಬಂದಳು. ನಾವು ಪ್ರತಿ ಸಲ ಇಲ್ಲ ಎಂದೆವು. ಮನೆಯಲ್ಲಿ ನಮ್ಮವರಿಗೆ ಹೇಳಿದರೆ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ಆಕೆಗೆ ಯಾರಾದರೂ ಹೇಳಬಾರದೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ನನಗೆ ಇನ್ನೊಂದು ಸಂಗತಿ ತಿಳಿದಿತ್ತು.

ಅದನ್ನು ಹೇಳಿದವನು ಹೌಸಾಬಾಯಿಯ ತಮ್ಮ ಗಣಪತ. ಒಂದು ಬೇಸಿಗೆಯಲ್ಲಿ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಹಿಡಿದುಕೊಂಡು, ಗೋಡೆ ತಡವುತ್ತ ನನ್ನ ಮೇಜಿನ ತನಕ ಬಂದ. ಕಣ್ಣು ಮಂಜಾಗುತ್ತಿತ್ತು. ಕಲ್ಯಾಣದಿಂದ ಶೀಳಫಾಟ್ಯಾ ಕೂಡುರಸ್ತೆಗೆ ಹೋಗುವ ರಸ್ತೆಯ ಬದಿಯ ಹಳ್ಳಿ ಅವರದು, ಹೌಸಾಬಾಯಿ ಹುಟ್ಟಿದ ಮನೆ.

"ಅಕ್ಕ ನಮ್ಮ ಮನಿಗೆ ಬರಾಕ ಒಲ್ಲಳ್ರಿ ಬಾಯಾರ" ಎಂದ. "ಪೋರಿನ್ನ ಕಳಿಸಿದಾಗಿಂದ ಬಂದೇ ಇಲ್ಲ. ಕರದರ ಏನಂತಾಳ ಗೊತ್ತದ ಏನ್ರಿ? ಒಂದ ಹೆಣ್ಣಿಗೆ ತವರಿಗೆ ಕರಸ್ತೀನಿ ಅಂತ ಮಾತ ಕೊಟ್ಟ ಕಳಸೀನಿ, ಅಕಿನ್ನ ಅಲ್ಲಿ ಕೂಡ್ರಿಸಿ ನಾ ಯಾವ ಮಾರಿ ಹೊತ್ತ ನನ್ನ ತವರಿಗೆ ಬರಲಿ, ಅಂತಾಳ. ಇಷ್ಟ ದಿನಾ ನಾನೇ ಕಾಮೋಠೆಗೆ ಹೋಗಿ ನೋಡಿ ಬರತಿದ್ದೆ. ಇನ್ನ ನನ್ನ ಕಣ್ಣ ಕೆಲಸ ಮಾಡೂದಿಲ್ಲ. ನಾ ಹೋಗಾಕ ಆಗೂದಿಲ್ಲ, ಅಕಿ ಬರೂದಿಲ್ಲ."

ಆತ ಬೇರೇನೂ ಕೇಳಲಿಲ್ಲ. ಹಣ್ಣು ಮೇಜಿನ ಮೇಲಿಟ್ಟು, ಪೋರಿ ಎಲ್ಲಿದ್ದಾಳೆ ಎಂದು ಕೇಳಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಹೋದ. ನಾನು ಆ ಹಣ್ಣು ತಿಂದೆ, ಹುಳಿಯಾಗಿದ್ದವು, ಅಳುವೂ ಬಂತು. ಮುಂದಿನ ಗೌರಿಗೆ ಹೌಸಾಬಾಯಿ ಬಂದಾಗ ಇದು ನಿಜವೇ ಎಂದು ಕೇಳಿದೆ. ಅವಳು ನತ್ತು ಸರಿಮಾಡಿಕೊಳ್ಳುತ್ತ, "ಜಮೀನಿಗೆ ಗಂಡಸರು ಸಹಿ ಹಾಕ್ಯಾರ. ಪೋರಿಗೆ ಮಾತ ಕೊಟ್ಟಾಕಿ ನಾನೊಬ್ಬಾಕೀನೇ" ಎಂದಳು.

ಆ ಹೊತ್ತಿಗೆ ಮ್ಯೂಸಿಯಂನ ಕೆಲಸದ ರೀತಿಯೇ ಬದಲಾಗುತ್ತಿತ್ತು. ನಾನು ಸೇರಿದಾಗ ಕಾರ್ಯಕ್ರಮದ ಸುದ್ದಿಯನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆಯುತ್ತಿದ್ದೆವು, ಇಲ್ಲವೇ ರಿಕ್ಷಾಕ್ಕೆ ಮೈಕು ಕಟ್ಟಿ ಕೂಗಿಸುತ್ತಿದ್ದೆವು. ಆಮೇಲೆ ವಾಟ್ಸಾಪ್ ಬಂತು, ಬರುತ್ತೇವೆ ಎಂದು ಹೆಬ್ಬೆಟ್ಟು ತೋರಿಸುವವರು ಹೆಚ್ಚಾದರು, ಬರುವವರು ಅಷ್ಟೇ ಉಳಿದರು. ಕುರ್ಚಿಯ ಲೆಕ್ಕ ಯಾವಾಗಲೂ ಪೋಸ್ಟ್‌ಕಾರ್ಡಿನ ಕಾಲದ ಪ್ರಕಾರವೇ ಹಾಕಿ, ಹೆಬ್ಬೆಟ್ಟು ನಂಬಬೇಡಿ. ಹಾಗೆಯೇ ಪ್ರತಿಕೃತಿ ಮಾಡಿಸುವ ಕಾಲವೂ ಬಂತು. ಅಸಲು ವಸ್ತು ಒಳಗಿರಲಿ, ಫೈಬರಿನ ನಕಲು ಊರೂರು ಸುತ್ತಲಿ, ಜನ ಮುಟ್ಟಲಿ, ಮಕ್ಕಳು ಹತ್ತಿ ಕೂರಲಿ ಎಂಬ ಯೋಜನೆ. ಸರಕಾರದ ಅನುದಾನದಲ್ಲಿ ಮೊದಲು ಆದದ್ದೇ ಪೋರಿಯ ಪ್ರತಿಕೃತಿ. ಗುಪ್ತೆ ಸಾಹೇಬರು ನನ್ನನ್ನು ಕರೆದು ಬಹಳ ಖುಷಿಯಿಂದ, "ಕುಲಕರ್ಣಿಬಾಯಿ, ನಿಮ್ಮ ಆ ಹೆಂಗಸಿನ ಸಮಸ್ಯೆ ಮುಗೀತು. ಗೌರಿಗೆ ಇದನ್ನ ಕಳಿಸಿ" ಎಂದರು. ನಿಜವಾಗಿ ಅವರಿಗೆ ತಾವು ಉಪಕಾರ ಮಾಡಿದೆ ಅನಿಸಿತ್ತು. ನನಗೂ, ಸುಳ್ಳು ಯಾಕೆ ಹೇಳಲಿ, ಒಂದು ಆಸೆ ಹುಟ್ಟಿತು.

ಕಾಮೋಠೆಯಲ್ಲಿ ಕಟ್ಟೆಯಿದ್ದ ಜಾಗದಲ್ಲಿ ಆಗ ಏಳು ಮಾಳಿಗೆಯ ವಸತಿ ಸೊಸೈಟಿ ನಿಂತಿತ್ತು. ಅದರ ಕೆಳಗಿನ ಪಾರ್ಕಿಂಗಿನಲ್ಲಿ ಕಾರ್ಯಕ್ರಮ. ಹೆಂಗಸರು ರಂಗೋಲಿ ಹಾಕಿ ಮಣೆ ಇಟ್ಟು ಕಾಯುತ್ತಿದ್ದರು. ನಾನು ಟೆಂಪೋದಿಂದ ಪ್ರತಿಕೃತಿಯನ್ನು ಒಬ್ಬಳೇ ಎತ್ತಿಕೊಂಡು ಇಳಿದೆ. ಅದೇ ನೋಡಿ ಎಡವಟ್ಟಾದದ್ದು. ಹಿಂದೆ ಅಸಲು ಕಲ್ಲನ್ನು ಎತ್ತಲು ನಾಲ್ಕು ಗಂಡಾಳು ಬೇಕಾಗಿತ್ತು. ನಾನು ಅದನ್ನು ಮೊರದ ಹಾಗೆ ಕಂಕುಳಲ್ಲಿ ಹಿಡಿದು ಬಂದೆ. ಹೆಂಗಸರೆಲ್ಲ ನನ್ನ ಕಂಕುಳನ್ನೇ ನೋಡಿದರು.

ಹೌಸಾಬಾಯಿ ಹತ್ತಿರ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಒಮ್ಮೆ ತೂಗಿ ನೋಡಿದಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವಳು ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸುತ್ತಲಿನವರಿಗೆ ಹೇಳಿದಳು, "ಪೋರಿಗೆ ರಜಾ ಸಿಕ್ಕಿಲ್ಲಂತ. ಕೂಸಿನ್ನ ಕಳಸ್ಯಾಳ."

ಒಬ್ಬಳು ಮೂಗು ತಾಯಿಯದೇ ಎಂದಳು. ಇನ್ನೊಬ್ಬಳು ತಾಯಿಯಷ್ಟು ಕಪ್ಪಿಲ್ಲ, ಅಪ್ಪನ ಬಣ್ಣ ಎಂದಳು. ಅಪ್ಪ ಯಾರು ಎಂದು ಮತ್ತೊಬ್ಬಳು ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಿಮ್ಮ ಗುಪ್ತೆ ಸಾಹೇಬರನ್ನು ಕೇಳಬೇಕು ಎಂದು ಯಾರೋ ಹಿಂದಿನಿಂದ ಅಂದರು, ಅದನ್ನು ನಾನು ಸಾಹೇಬರಿಗೆ ಇವತ್ತಿನ ತನಕ ಹೇಳಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಮೀಸಿದರು, ಕಾಡಿಗೆಯ ಬೊಟ್ಟಿಟ್ಟರು, ತೊಟ್ಟಿಲು ತಂದು ತೂಗಿದರು. ನನಗೆ ಅಕ್ಕಿ ರೊಟ್ಟಿ ಬಡಿಸುವಾಗ, ಬೀಗತಿಗೆ ಮೀನು ನಡೆಯುವುದಿಲ್ಲ, ಪಾಪ, ಇಂಥ ಮನೆಗೆ ಹುಡುಗಿಯನ್ನು ಕೊಟ್ಟೆವಲ್ಲ ಎಂದು ಹಾಡಿನಲ್ಲೇ ಸೇರಿಸಿ ಹಂಗಿಸಿದರು. ಪಾರ್ಕಿಂಗಿನ ಕಂಬಗಳ ನಡುವೆ ಆ ಹಾಡು ಸುತ್ತುತ್ತಿತ್ತು, ಆಚೆ ಹೆದ್ದಾರಿಯ ಲಾರಿಗಳ ಸದ್ದು ಬೇರೆ ಯಾವುದೋ ಊರಿನದು ಅನಿಸುತ್ತಿತ್ತು. ನನಗೆ ನಿದ್ದೆಯ ಅಂಚಿನಲ್ಲಿ ಕೂತ ಹಾಗಿತ್ತು.

ಸಂಜೆ ಹೊರಡುವಾಗ ಪ್ರತಿಕೃತಿ ಕೊಡಿ ಎಂದೆ. ಹೌಸಾಬಾಯಿ ಕೊಡಲಿಲ್ಲ.

"ತವರಿಗೆ ಬಂದ ಕೂಸಿನ್ನ ಮಂದಿ ಕೈಯಾಗ ಕೊಟ್ಟ ಕಳಸೂ ಪದ್ಧತಿ ನಮ್ಮಲ್ಲಿಲ್ಲ ವಿಹೀಣಬಾಯಿ. ತಾಯಿ ಬಂದ ಕರಕೊಂಡ ಹೋಗಲಿ."

"ಅದು ಸರಕಾರದ್ದು ಹೌಸಾಬಾಯಿ. ನನ್ನ ನೌಕರಿ ಹೋಗ್ತದ" ಎಂದೆ.

"ಹಂಗಾರ ತಾಯೀನ ಲಗೂ ಕಳಸ್ರಿ" ಎಂದಳು, ಮತ್ತು ಕೂಸನ್ನು ಒಳಗೆ ತೆಗೆದುಕೊಂಡು ಹೋದಳು.

ಅವಳು ನಿಜವಾಗಿ ನಂಬಿ ಮಾಡಿದಳೋ, ನಮ್ಮ ನಿಯಮದ ಬಾಲ ನಮ್ಮ ಕಾಲಿಗೇ ಕಟ್ಟಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು. ಹೆಂಗಸರಿಗೆ ಎರಡನ್ನೂ ಒಟ್ಟಿಗೆ ಮಾಡಲು ಬರುತ್ತದೆ.

ಬರಿಗೈಲಿ ಬಂದ ನನ್ನನ್ನು ನೋಡಿ ಗುಪ್ತೆ ಸಾಹೇಬರು ಕನ್ನಡಕ ತೆಗೆದರು. ವಿಷಯ ಕೇಳಿ ಮೊದಲು ಬೈದರು, ಆಮೇಲೆ ಪೊಲೀಸರಿಗೆ ಹೇಳೋಣ ಎಂದರು. ಏನಂತ ದೂರು ಕೊಡುವುದು ಸಾರ್ ಎಂದೆ. ಅಜ್ಜಿ ಮೊಮ್ಮಗುವನ್ನು ಕೊಡುತ್ತಿಲ್ಲ ಎಂದೇ? ಅನುದಾನದವರು ಪರಿಶೀಲನೆಗೆ ಬರುವುದಿತ್ತು, ಅಷ್ಟರೊಳಗೆ ಪ್ರತಿಕೃತಿ ಜಾಗದಲ್ಲಿರಬೇಕಿತ್ತು. ಸಾಹೇಬರು ಎದ್ದು ಕೋಣೆಯಲ್ಲಿ ಆಚೆ ಈಚೆ ಓಡಾಡಿದರು. ಆಮೇಲೆ ಗಣಪತನ ವಿಷಯ ಹೇಳಿದೆ, ಆತನ ಕಣ್ಣಿನ ವಿಷಯವನ್ನೂ. ಇಷ್ಟು ವರ್ಷ ಸಾಹೇಬರಿಗೆ ಅದನ್ನು ಹೇಳಿರಲಿಲ್ಲ, ನಿಯಮಕ್ಕೆ ಸಂಬಂಧವಿಲ್ಲದ ಮಾತು ಅವರಿಗೆ ಹಿಡಿಸುವುದಿಲ್ಲ ಎಂದುಕೊಂಡಿದ್ದೆ.

ಅವರು ಕಿಟಕಿಗೆ ಹೋಗಿ ಖಾಡಿಯ ಕಡೆ ನೋಡಿದರು. ಅವರ ಒಬ್ಬಳೇ ಮಗಳನ್ನು ನಾಗಪುರಕ್ಕೆ ಕೊಟ್ಟಿದ್ದರು, ದೀಪಾವಳಿಗೂ ಅವಳು ಬರುವುದು ಅಪರೂಪ, ಅದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಿರುಗಿ, "ಹೊರಗೆ ಪ್ರದರ್ಶನಕ್ಕೆ ಅಂತ ವಸ್ತು ಕಳಿಸಬಹುದಲ್ಲ, ಹಾಗೊಂದು ನಿಯಮ ಇದೆ" ಎಂದರು. ಇದೆ ಎಂದೆ. ಕಾಮೋಠೆಯಲ್ಲಿ ಒಂದು ದಿನದ ಪ್ರದರ್ಶನ ಎಂದು ಬರೆಯಿರಿ ಎಂದರು. ಎಣ್ಣೆ ಮುಟ್ಟಿಸಬಾರದು, ನೀರು ಹಾಕಬಾರದು, ದಾರಿಯಲ್ಲಿ ಎಲ್ಲೂ ಇಳಿಸಬಾರದು ಎಂದು ಆದೇಶಕ್ಕೆ ಸೇರಿಸಿದರು. ಸಹಿ ಹಾಕಿ ಪೆನ್ನು ಮುಚ್ಚುವಾಗ ತಗ್ಗಿದ ದನಿಯಲ್ಲಿ, "ಒಂದು ದಿನ ಸಾಕಾಗುತ್ತಾ ಅವರಿಗೆ?" ಎಂದು ಕೇಳಿದರು. ಯಾರಿಗೂ ಸಾಕಾಗುವುದಿಲ್ಲ ಸಾರ್ ಎಂದೆ.

ಕಲ್ಲು ಎತ್ತಲು ಭೀಮಶಾನನ್ನು ಕರೆಸಿದೆ. ಮೂವರು ಜೊತೆಗಾರರನ್ನು ಕರೆದುಕೊಂಡು ಬಂದ. ಕಬ್ಬಿಣದ ತೊಲೆಗಳನ್ನು ಹೊರುವವರು ಅವರು, ಈ ಕಲ್ಲು ಅವರಿಗೆ ಏನೂ ಅಲ್ಲ. ಆದರೆ ಭೀಮಶಾ ಮೊದಲು ಚಪ್ಪಲಿ ಬಿಟ್ಟ. "ಯಾರ ಮಗಳರೀ ಅಕ್ಕಾರ ಇಕಿ?" ಎಂದು ಕೇಳಿದ. ಕಾಮೋಠೆಯವಳು, ತವರಿಗೆ ಹೊರಟಿದ್ದಾಳೆ ಎಂದೆ. ಅವನಿಗೆ ಅದು ವಿಚಿತ್ರ ಅನಿಸಲೇ ಇಲ್ಲ. ತಾಯಿಯ ಸೀರೆಯ ಸಿಂಬಿಯನ್ನು ಕಲ್ಲಿನ ಬುಡಕ್ಕೆ ಮೆತ್ತೆಯಾಗಿ ಇಟ್ಟು, "ಏಳ ತಂಗಿ, ಹೋಗೂಣು" ಎಂದ. ನಾಲ್ವರೂ ಒಂದೇ ಉಸಿರಿನಲ್ಲಿ ಎತ್ತಿದರು.

ಆ ದಿನವನ್ನು ನಾನು ಸರಿಯಾಗಿ ವರ್ಣಿಸಲಾರೆ, ಅದು ನೆನಪಿನಲ್ಲಿ ನೀರಿನೊಳಗಿನ ಚಿತ್ರದ ಹಾಗೆ ಅಲುಗಾಡುತ್ತದೆ. ಪಾರ್ಕಿಂಗಿನ ಅರೆಬೆಳಕು, ಮಣೆಯ ಮೇಲೆ ಹಸಿರು ಸೀರೆಯುಟ್ಟ ಪೋರಿ, ಅವಳ ಪಕ್ಕದಲ್ಲಿ ಅವಳ ಕೂಸು. ಸಾಹೇಬರ ಆದೇಶ ಓದಿ ಹೇಳಿದೆ. ಎಣ್ಣೆ ಕಲ್ಲಿಗಿಲ್ಲ ಅಂತಾದರೆ ಕೂಸಿಗೆ ಹಚ್ಚುತ್ತೇನೆ, ಅದಕ್ಕೇನೂ ಕಾಯಿದೆ ಇಲ್ಲವಲ್ಲ ಎಂದು ಹೌಸಾಬಾಯಿ ಕೂಸಿನ ತಲೆಗೆ ಎಣ್ಣೆ ತಟ್ಟಿದಳು, ತಾಯಿ ನೋಡುತ್ತ ಕೂತಳು. ಸೊಸೈಟಿಯ ಮೇಲಿನ ಮಾಳಿಗೆಗಳಿಂದ ಯಾವ್ಯಾವ ಊರಿನ ಹೆಂಗಸರೋ ಇಳಿದು ಬಂದರು. ಹಾವೇರಿಯವಳೊಬ್ಬಳು ತನ್ನ ಮನೆಯಿಂದ ರವಿಕೆಖಣ ತಂದು ಪೋರಿಯ ಉಡಿಗೆ ಹಾಕಿದಳು, ಯಾಕೆ ಹಾಕಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೌಸಾಬಾಯಿ ಆ ದಿನ ಹೆಚ್ಚು ಮಾತಾಡಲಿಲ್ಲ. ಮಧ್ಯಾಹ್ನ ಎಲ್ಲರೂ ಉಂಡು ಒರಗಿದ ಮೇಲೆ ಅವಳು ಕಲ್ಲಿಗೆ ಬೆನ್ನು ತಾಗಿಸಿ ಕೂತು ಕಣ್ಣು ಮುಚ್ಚಿದಳು. ಹಾಗೇ ನಿದ್ದೆ ಹೋದಳು. ಅವಳು ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಭೀಮಶಾ ಮತ್ತು ಜೊತೆಗಾರರು ಪೋರಿಯನ್ನು ಟೆಂಪೋದಲ್ಲಿ ಕೂರಿಸಿದರು. ಕೂಸನ್ನು ಹೌಸಾಬಾಯಿ ತಾನೇ ತಂದು ಅದರ ಪಕ್ಕ ಇಟ್ಟಳು, ಮಾತಿನ ಪ್ರಕಾರ. ಆಮೇಲೆ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಬಂದಳು. ಆ ಗಂಟು ಬೆಳಗಿನಿಂದಲೇ ಕಟ್ಟಿಟ್ಟಿದ್ದಿರಬೇಕು.

"ವಿಹೀಣಬಾಯಿ, ನಿಮ್ಮ ಟೆಂಪೋ ಶೀಳಫಾಟ್ಯಾ ಮ್ಯಾಲೆ ಹಾದ ಹೋಗ್ತದಲ್ಲ?"

ಹೋಗುತ್ತದೆ ಎಂದೆ.

ಡ್ರೈವರಿನ ಪಕ್ಕ ಜಾಗ ಬೇಡ ಎಂದು ಅವಳು ಹಿಂದೆಯೇ ಹತ್ತಿದಳು, ನಾನೂ ಹತ್ತಿದೆ. ಭೀಮಶಾ ಕಲ್ಲಿಗೆ ಭುಜ ಕೊಟ್ಟು ಕೂತ. ಕಳಂಬೋಲಿಯ ಕಬ್ಬಿಣದ ರಾಶಿಗಳು, ತಳೋಜೆಯ ಚಿಮಣಿಗಳು, ಅರ್ಧ ಎದ್ದ ಬಿಲ್ಡಿಂಗುಗಳು ಒಂದೊಂದಾಗಿ ಹಿಂದೆ ಸರಿದವು. ದೂರದ ಗುಡ್ಡದ ತುದಿಯಲ್ಲಿ ಕೊನೆಯ ಬಿಸಿಲು ಉಳಿದಿತ್ತು. ಹೌಸಾಬಾಯಿ ಒಂದು ಕೈ ಪೋರಿಯ ಹೆಗಲ ಮೇಲಿಟ್ಟು, ಇಲ್ಲಿ ಗದ್ದೆಯಿತ್ತು, ಇಲ್ಲಿ ಉಪ್ಪಿನ ಮಡಿ ಇತ್ತು, ಇಲ್ಲಿ ನಾನು ಮದುವೆಯಾಗಿ ಬರುವಾಗ ಎತ್ತು ನಿಂತುಬಿಟ್ಟಿತ್ತು ಎಂದು ತೋರಿಸುತ್ತ ಹೋದಳು. ಅದನ್ನೆಲ್ಲ ನನಗೆ ಹೇಳುತ್ತಿದ್ದಳೋ ಕಲ್ಲಿಗೋ ಎಂದು ನಾನು ಕೇಳಲಿಲ್ಲ.

ಗಣಪತನ ಮನೆ ರಸ್ತೆಗೆ ಹತ್ತಿರವೇ ಇತ್ತು. ಟೆಂಪೋ ನಿಂತ ಸದ್ದಿಗೆ ಆತ ಕೋಲು ಹಿಡಿದು ಅಂಗಳಕ್ಕೆ ಬಂದ. ಕಣ್ಣು ಪೂರ್ತಿ ಹೋಗಿತ್ತು. ಯಾರು ಎಂದ.

"ನಾ" ಎಂದಳು ಹೌಸಾಬಾಯಿ.

ಆತ ಅಲ್ಲಿಯೇ ನಿಂತ. "ಒಬ್ಬಾಕೀನೇ ಬಂದ್ಯೇನ?" ಎಂದು ಕೇಳಿದ.

"ಇಲ್ಲ. ಮಗಳು ಬಿಡಾಕ ಬಂದಾಳ."

ಆತ ಕೋಲು ಊರುತ್ತ ಟೆಂಪೋದ ಹತ್ತಿರ ಬಂದು, ಕೈಚಾಚಿ ತಡವಿದ. ಅಂಗೈ ಕಲ್ಲಿನ ತಲೆಯ ಮೇಲೆ, ಸೀರೆಯ ಸೆರಗಿನ ಮೇಲೆ ನಿಂತಿತು. "ಇಳಿಯವ್ವಾ" ಎಂದ, "ಅಂಗಳದ ತನಕಾ ಬಂದ ನೀರ ಕುಡೀಲಾರದ ಹೋಗತಾರೇನ?"

ಭೀಮಶಾ ನನ್ನ ಮುಖ ನೋಡಿದ. ದಾರಿಯಲ್ಲಿ ಎಲ್ಲೂ ಇಳಿಸಬಾರದು ಎಂಬ ಆದೇಶ ನನ್ನ ಚೀಲದಲ್ಲಿತ್ತು. ಇಳಿಸಲಾಗದಣ್ಣ, ಹೊತ್ತಾಗಿದೆ ಎಂದೆ. ಸರಿ ಎಂದು ಗಣಪತ ಒಳಗೆ ಕೂಗಿ ನೀರು ತರಲು ಹೇಳಿದ. ತಂಬಿಗೆಯಲ್ಲಿ ನೀರು ಟೆಂಪೋಗೇ ಬಂತು. ಕಲ್ಲಿಗೆ ನೀರು ಮುಟ್ಟಿಸುವಂತಿಲ್ಲ, ಅದಕ್ಕೂ ಆದೇಶವಿತ್ತು. ಪೋರಿಯ ಪರವಾಗಿ ನಾನು ಕುಡಿದೆ. ಬಾವಿಯ ನೀರು, ತಣ್ಣಗಿತ್ತು.

ಹೌಸಾಬಾಯಿ ಇಳಿದಳು. ಗಂಟನ್ನು ಕಂಕುಳಿಗೆ ಏರಿಸಿ, ತಮ್ಮನ ಕೋಲನ್ನು ತಾನು ತೆಗೆದುಕೊಂಡು, ಅವನ ಕೈ ಹಿಡಿದಳು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು ಬಾಗಿ ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ದಾಟಿದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ. ಒಳಗೆ ಅಕ್ಕ ಬಂದಳು, ಅಕ್ಕ ಬಂದಳು ಎಂದು ಗಣಪತ ಹೇಳುತ್ತಲೇ ಇದ್ದ, ಪಾತ್ರೆಗಳ ಸದ್ದು ಕೇಳಿಸಿತು, ಯಾರೋ ಅತ್ತರು. ನಾನು ಟೆಂಪೋದ ಹಿಂದೆ ಪೋರಿಯ ಪಕ್ಕ ಕೂತು ಮುಖ ಒರೆಸಿಕೊಂಡೆ.

ಡ್ರೈವರ್ ಗಾಡಿ ಶುರು ಮಾಡಿದ. ಮ್ಯೂಸಿಯಂನಲ್ಲಿ ಗುಪ್ತೆ ಸಾಹೇಬರು ಬಾಗಿಲು ಹಾಕದೆ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

"ಹೋಗೂಣೇನ್ರಿ ಅಕ್ಕಾರ?" ಎಂದ ಭೀಮಶಾ.

"ತಡಿಯಪಾ" ಎಂದೆ. "ಒಳಗ ಚಾಕ್ಕ ಇಟ್ಟಾರ. ಬೀಗರ ಮನಿ ಚಾ ಬಿಟ್ಟ ಹೆಂಗ ಹೋಗೂದು?"